ನೀರಿಲ್ಲದ ಇಪ್ಪತ್ನಾಲ್ಕು

ಮಳೆ ಬಂದ್ರೆ ಅಂಗಳ ಒದ್ದೆಯಾಗುತ್ತೆ. ಅಂಗಳ ಒದ್ದೆಯಾಗಿದೆ. ಆದ್ದರಿಂದ ಮಳೆ ಬಂದಿದೆ. ಸರಿಯೋ, ತಪ್ಪೋ?

ಆ ಶನಿವಾರ ಮಧ್ಯಾಹ್ನ ನಾನು ಬೋರ್ಡ್ ಮೇಲೆ ಬರೆದಿದ್ದ ಪ್ರಶ್ನೆ ಇದು. ನಾನು ವರ್ಷಾ. ಹಾಸನದ ಒಂದು ಕೋಚಿಂಗ್ ಸೆಂಟರಲ್ಲಿ ಪಾಠ ಮಾಡ್ತೀನಿ. ಬೆಳಿಗ್ಗೆ ಕನ್ನಡ, ಅಂದ್ರೆ ಉಪಮೆ, ರೂಪಕ, ಉತ್ಪ್ರೇಕ್ಷೆ. ಊಟ ಆದ ಮೇಲೆ ತರ್ಕ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಾ ಕಡೆಯಿಂದ ಹುಡುಗ ಹುಡುಗೀರು ಬರ್ತಾರೆ, ಪೊಲೀಸ್ ಆಗ್ಬೇಕು, ಪಿಡಿಒ ಆಗ್ಬೇಕು ಅಂತ. ಕೋಪ ನನಗೆ ಒಂಚೂರು ಜಾಸ್ತಿ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಅವತ್ತು ಇಡೀ ಕ್ಲಾಸು ಒಂದೇ ಬಾಯಲ್ಲಿ "ಸರಿ ಮೇಡಂ" ಅಂದಾಗ ನನಗೆ ರೇಗಿಹೋಯ್ತು.

"ಸರಿಯಂತೆ, ಸರಿ! ನಿಮ್ಮನೆಗಳಲ್ಲಿ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕೋರು ಯಾರೂ ಇಲ್ವೇನ್ರೋ? ಅಂಗಳ ಒದ್ದೆಯಾಗೋಕೆ ಮಳೆನೇ ಬರ್ಬೇಕಾ?"

ನಕ್ಕರು, ಬರ್ಕೊಂಡ್ರು. ನಾನು ಚಾಕ್‌ಪೀಸ್ ಕೈ ಒದರಿಕೊಂಡು ಬಸ್ ಹತ್ತಿದೆ.

ಶಾಂತಿಗ್ರಾಮದಲ್ಲಿ ಇಳಿದು ಒಳಗೆ ನಡೆದ್ರೆ ನಮ್ಮೂರು. ಮನೆ ಹತ್ರ ಬರ್ತಿದ್ದ ಹಾಗೇ ಏನೋ ಆಗಿದೆ ಅಂತ ಗೊತ್ತಾಯ್ತು. ಡೇರಿಗೆ ಹಾಲು ಹಾಕಿ ಬಂದ್ರೆ ಅವ್ವ ಕ್ಯಾನ್ ತೊಳೆದು ಜಗಲಿ ಮೇಲೆ ಬೋರಲು ಹಾಕಿರ್ತಾಳೆ. ಅವತ್ತು ಕ್ಯಾನ್ ತುಂಬಿದ ಹಾಗೇ ಕೂತಿತ್ತು. ಪಕ್ಕದಲ್ಲಿ ಅವ್ವ ಕೂತಿದ್ಳು, ಸೆರಗನ್ನ ಸೊಂಟಕ್ಕೆ ಬಿಗಿದುಕೊಂಡು, ಜಗಳಕ್ಕೆ ಹೊರಟೋಳ ಹಾಗೆ.

"ಹಾಲು ವಾಪಸ್ ಕಳಿಸಿದ್ರು" ಅಂದ್ಳು. "ನೀರ್ ಆಕಿದೀನಂತೆ."

"ಯಾರು ಹೇಳಿದ್ದು?"

"ಸಂಜಯ್ ಡಿಗ್ರಿ ನೋಡ್ದ. ರಂಗಸ್ವಾಮಿ ಗೌಡ್ರು ತೀರ್ಮಾನ ಕೊಟ್ರು."

ಡಿಗ್ರಿ ಅಂದ್ರೆ ಇಷ್ಟೇ. ಡೇರಿಯ ಸೆಕ್ರೆಟರಿ ಸಂಜಯ್ ಹಾಲಿನೊಳಗೆ ಒಂದು ಗಾಜಿನ ಕಡ್ಡಿ ಬಿಡ್ತಾನೆ. ಹಾಲು ಗಟ್ಟಿಯಿದ್ರೆ ಕಡ್ಡಿ ತೇಲುತ್ತೆ, ತೆಳ್ಳಗಿದ್ರೆ ಮುಳುಗುತ್ತೆ. ಕಡ್ಡಿ ಮೇಲೆ ನಂಬರ್ ಇರುತ್ತೆ, ಇಪ್ಪತ್ತೆಂಟಾದ್ರೂ ಬರ್ಬೇಕು. ಅವ್ವನ ಹಾಲು ಆ ವಾರವೆಲ್ಲಾ ಇಪ್ಪತ್ನಾಲ್ಕು, ಇಪ್ಪತ್ತೈದರಲ್ಲೇ ಇತ್ತಂತೆ.

"ಈ ಹಸಿನ ಹಾಲೇ ಅಂಗೆ ಕಣ ಮಗ" ಅಂದ್ಳು ಅವ್ವ. ಹೋದ ಬೇಸಿಗೇಲಿ ಚನ್ನರಾಯಪಟ್ಟಣದ ಕಡೆಯಿಂದ ಹೊಡ್ಕೊಂಡು ಬಂದ ಕಪ್ಪು ಬಿಳಿ ಸೀಮೆ ಹಸು ಅದು. "ಕರೆದಷ್ಟೂ ಕೊಡ್ತದೆ, ಗಟ್ಟಿ ಇಲ್ಲ. ನಾನ್ ಯೋಳ್ದೆ. ಗೌಡ್ರು ಏನಂದ್ರು ಗೊತ್ತಾ? ಕಳ್ರೆಲ್ಲಾ ಇಂಗೇ ಯೋಳದು ಅಂದ್ರು. ಜನ ಎಲ್ಲಾ ನಿಂತಿದ್ರು, ಕ್ಯಾನ್ ಇಡ್ಕೊಂಡು. ಅವ್ರ ಮುಂದೆ ಕಳ್ಳಿ ಅನ್ನಿಸ್ಕೊಂಡೆ."

ಇಷ್ಟಕ್ಕೇ ಮುಗಿದಿರ್ಲಿಲ್ಲ. ಮಾರನೇ ದಿನ, ಭಾನುವಾರ ಸಂಜೆ, ಹಾಲು ಅಳೆಯೋಕೆ ಮುಂಚೆ ಡೇರಿ ಮುಂದೆ ಸಭೆ. ಅಲ್ಲಿಂದ ಎದುರಿಗಿರೋ ಊರಮ್ಮನ ಗುಡಿಗೆ ಹೋಗಿ, ಕರ್ಪೂರ ಹಚ್ಚಿ, ಕೈಯಲ್ಲಿ ಆರಿಸಿ, ನೀರು ಹಾಕಿಲ್ಲ ಅಂತ ಅವ್ವ ಆಣೆ ಮಾಡ್ಬೇಕು. ಮಾಡಿದ್ರೆ ಮಾಮೂಲಿನ ಹಾಗೆ ಹಾಲು ತಗೋತಾರೆ. ಮಾಡದಿದ್ರೆ ಕಳ್ಳತನ ಒಪ್ಕೊಂಡ ಹಾಗೆ, ಅವ್ವನ, ಅಂದ್ರೆ ಕಲ್ಲಮ್ಮನ ಕ್ಯಾನ್ ಇನ್ಮೇಲೆ ಡೇರಿ ಹೊಸಲು ದಾಟೋ ಹಾಗಿಲ್ಲ. ನಮ್ಮೂರಲ್ಲಿ ಕೋಳಿ ಕಳೆದ್ರೂ ಆಣೆ, ಬದು ಒತ್ತಿದ್ರೂ ಆಣೆ. ಯಾರೂ ಆಣೆ ಬೇಡ ಅಂದಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಅಪ್ಪ ಚಿಕ್ಕಯ್ಯ ಪಾಪ, ಸಮಾಧಾನದ ಮನುಷ್ಯ. "ಒಂದ್ಸಲ ಆರ್ಸ್ಬುಡು ಕಲ್ಲಿ" ಅಂದ. "ನೀನೇನ್ ತಪ್ಪು ಮಾಡಿದ್ದೀಯಾ? ಇಲ್ವಲ್ಲ. ಕೈಯೇನ್ ಸುಟ್ಟೋಯ್ತದಾ?"

"ತಪ್ಪು ಮಾಡ್ದೆ ಇರೋಳು ಯಾಕಯ್ಯ ಆರಿಸ್ಬೇಕು?" ಅವ್ವನ ದನಿ ಅಡುಗೆಮನೆ ದಾಟಿ ಕೊಟ್ಟಿಗೆವರೆಗೂ ಹೋಯ್ತು. "ಅಬ್ಬದ ದಿನ ಮೆಟ್ಲ ಕೆಳಗೇ ನಿಂತ್ಕಳಿ ಅಂತಾರೆ. ಮಂಗಳಾರತಿ ತಟ್ಟೆ ನಮ್ ಕೇರಿಯೋರ ತಾವಕ್ಕೆ ಕಡೇಗೆ ಬತ್ತದೆ, ಅದೂ ಆರೋದ ಮೇಲೆ. ಈಗ ಆಣೆ ಮಾಡಕ್ಕೆ ಮಾತ್ರ ಗುಡಿ ಬಾಗ್ಲಿಗೇ ಬಾ ಅಂತಾರೆ. ಆ ತಾಯಿ ಮುಂದೆ ನಾನು ಮೊದ್ಲನೇ ಸಲ ಓಗಿ ನಿಂತ್ಕಳದು ಹಾಲಿನ ಡಿಗ್ರಿಗಾ? ನಾನ್ ಓಗಕಿಲ್ಲ ಕಣಯ್ಯ. ಓಗಕಿಲ್ಲ ಅಂದ್ರೆ ಓಗಕಿಲ್ಲ."

ಅಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋದ. ನನಗೋ ಮೈಯೆಲ್ಲಾ ಉರೀತಿತ್ತು. ನೀರು ಹಾಕಿದ್ರೆ ಡಿಗ್ರಿ ಇಳಿಯುತ್ತೆ. ಡಿಗ್ರಿ ಇಳಿದಿದೆ. ಆದ್ದರಿಂದ ನೀರು ಹಾಕಿದ್ದಾಳೆ. ಅದೇ ಒದ್ದೆ ಅಂಗಳ! ಮಧ್ಯಾಹ್ನ ತಾನೇ ಮೂವತ್ತು ಮಕ್ಕಳಿಗೆ ಬೈದು ಹೇಳ್ಕೊಟ್ಟು ಬಂದಿದ್ದೆ, ಸಂಜೆ ಮನೆ ಬಾಗಿಲಲ್ಲಿ ಬಂದು ಕೂತಿತ್ತು. ನಾಳೆ ಬರ್ಲಿ ಸಭೆ, ಒಬ್ಬೊಬ್ಬರ ನೀರಿಳಿಸ್ತೀನಿ ಅಂದ್ಕೊಂಡೆ.

ಭಾನುವಾರ ಸಂಜೆ ಡೇರಿ ಮುಂದೆ ಊರೇ ಸೇರಿತ್ತು. ಎಲ್ಲರ ಕೈಯಲ್ಲೂ ಕ್ಯಾನು. ಡೇರಿ ಕಟ್ಟೆ ಮೇಲೆ ರಂಗಸ್ವಾಮಿಯವರ ತಾಯಿ ಪುಟ್ಟತಾಯಮ್ಮ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ರು. ಆ ಮುದುಕಿ ದಿನಾ ಸಂಜೆ ಅಲ್ಲೇ ಕೂರೋದು, ಯಾರ ಹಸು ಎಷ್ಟು ಕೊಡ್ತು ಅಂತ ಕೇಳೋಕೆ.

ರಂಗಸ್ವಾಮಿ ಡೇರಿ ಅಧ್ಯಕ್ಷರು. ಕೆರೆ ಏರಿಯಿಂದ ಹೈವೇವರೆಗೂ ಅವರ ಮನೆತನದ ಜಮೀನು. ಮದ್ವೆಯಿರ್ಲಿ, ತಿಥಿಯಿರ್ಲಿ, ಶಾಲೆ ವಾರ್ಷಿಕೋತ್ಸವ ಇರ್ಲಿ, ಮೈಕು ಕಂಡ್ರೆ ಕೈ ತಾನಾಗೇ ಹೋಗುತ್ತೆ. ಮಾತು ಚೆನ್ನಾಗಿ ಆಡ್ತಾರೆ, ಸುಳ್ಳು ಯಾಕೆ ಹೇಳ್ಲಿ. ಅವತ್ತು ಮೈಕ್ ಇರ್ಲಿಲ್ಲ, ಬೇಕಾಗೂ ಇರ್ಲಿಲ್ಲ.

"ಡೇರಿ ಅಂದ್ರೇನ್ರಪ್ಪ? ಡೇರಿ ಅಂದ್ರೆ ತಾಯಿ! ತಾಯಿ ಎದೆಹಾಲಿಗೆ ಯಾರಾರಾ ನೀರು ಬೆರಸಾರಾ? ಈ ಹಾಲು ಎಲ್ಲಿಗೋಯ್ತದೆ? ಹಾಸನದ ಆಸ್ಪತ್ರೇಲಿ ಮಲಗಿರೋ ಎಳೇ ಮಗೀಗೆ ಓಯ್ತದೆ! ಆ ಮಗ ನೀರು ಕುಡಿಬೇಕಾ? ನೀವೇ ಯೋಳಿ, ನೀರು ಕುಡಿಬೇಕಾ?"

ಹೆಂಗಸರು ಲೊಚಗುಟ್ಟಿದ್ರು. ಆ ಮಗು ಎಲ್ಲಿಂದ ಬಂತೋ ಆ ಶಿವನೇ ಬಲ್ಲ.

"ಇವತ್ತು ಒಬ್ರನ್ನ ಬುಟ್ರೆ ನಾಳೆ ಇಡೀ ಬೀದಿ ಆಕ್ತದೆ. ನಾಡಿದ್ದು ಹಾಲಿನ ಲಾರಿ ನಮ್ಮೂರಿಗೆ ತಿರುಗಾಕಿಲ್ಲ. ಅದರ ಮಾರ್ನೇ ದಿನ ಡೇರಿಗೆ ಬೀಗ. ಆಮೇಲೆ ನಿಮ್ಮಕ್ಕಳ ಫೀಜು ಯಾರು ಕಟ್ಟಾರು? ಊರಿಗೂರೇ ಕಲ್ಲಮ್ಮ ನೀರ್ ಆಕಿದಾಳೆ ಅಂತ ಮಾತಾಡ್ತಾ ಅದೆ. ಊರು ಸುಳ್ಳು ಯೋಳ್ತದಾ? ನಾನೇನ್ ದಂಡ ಆಕಂತಿಲ್ಲ, ಪೊಲೀಸ್ರಿಗೆ ಕೊಡಂತಿಲ್ಲ. ಎರಡೇ ದಾರಿ. ಆಣೆ ಮಾಡು, ಇಲ್ಲಾ ಕಳ್ಳಿ ಅಂತ ಒಪ್ಕೊ."

ನಾನು ಜನರನ್ನ ಸರಿಸಿಕೊಂಡು ಮುಂದೆ ಬಂದೆ.

"ರಂಗಸ್ವಾಮಣ್ಣ, ಆಸ್ಪತ್ರೆ ಮಗು ಸುದ್ದಿ ಬಿಡಿ. ಕಣ್ಣೀರು ಬರ್ಸೋಕೆ ಅದನ್ನ ಎತ್ಕೊಂಡು ಬಂದಿದ್ದೀರಿ. ಮಾತಿರೋದು ನಮ್ಮವ್ವನ ಕ್ಯಾನಿಂದು. ಒಂದು ಕ್ಯಾನಿಂದ ಡೇರಿಗೆ ಬೀಗ ಬೀಳೋವರೆಗೂ ಜಾರುಬಂಡೆ ಆಡಿದ್ರಲ್ಲ, ನಡುವೆ ಒಂದು ಮೆಟ್ಟಿಲಿಗಾದ್ರೂ ಸಾಕ್ಷಿ ಇದೆಯಾ? ಊರೆಲ್ಲಾ ಹೇಳುತ್ತೆ ಅಂದ್ರಿ. ಊರಿಗೆ ಹೇಳಿದ್ದು ಯಾರು? ನೀವು. ಎರಡೇ ದಾರಿ ಅಂದ್ರಿ. ಮೂರನೇ ದಾರಿ ಇದೆ. ನೀರು ಹಾಕಿದ್ದನ್ನ ಯಾರು ನೋಡಿದ್ರೋ ಅವರು ಬಂದು ಹೇಳ್ಬೇಕು. ಹಾಕಿದ್ದಾಳೆ ಅನ್ನೋರು ತೋರಿಸ್ಬೇಕೇ ಹೊರತು, ಹಾಕಿಲ್ಲ ಅನ್ನೋಳು ಯಾಕೆ ತೋರಿಸ್ಬೇಕು?"

ಗೆದ್ದೆ ಅಂದ್ಕೊಂಡೆ. ರಂಗಸ್ವಾಮಿ ಮೀಸೆ ಅಡಿಯಲ್ಲೇ ನಕ್ಕರು.

"ಓದಿರೋ ಮಗ ಕಣ್ರಪ್ಪ! ಚೆನ್ನಾಗಿ ಮಾತಾಡ್ತದೆ. ಹಾಸನಕ್ಕೋಗಿ ಕಲ್ತಿದ್ದು ಇದ್ನೇ, ದೊಡ್ಡೋರಿಗೆ ಎದುರು ಮಾತಾಡದ. ವಯಸ್ಸಾಯ್ತಾ ಬಂತು, ಇನ್ನೂ ಒಂದು ಮನೆ ಸೇರ್ಕಂಡಿಲ್ಲ. ಇಂತೋಳ ಮಾತು ಕೇಳ್ಕಂಡು ನಾವು ಡೇರಿ ನಡೆಸಬೇಕಾ?"

"ಇದು ವ್ಯಕ್ತಿನಿಂದೆ!" ಕಿರುಚಿದೆ ನಾನು. "ಮಾತಿಗೆ ಉತ್ತರ ಇಲ್ಲದಾಗ ಮಾತಾಡಿದೋರ ಮೈಮೇಲೆ ಬೀಳೋದು! ತರ್ಕದಲ್ಲಿ ಇದಕ್ಕೆ ಸೊನ್ನೆ ಮಾರ್ಕ್ಸು!"

"ಪರೀಕ್ಷೆಗೆ ಬತ್ತದಾ ವರ್ಷಕ್ಕ?" ಅಂದ ಹಿಂದಿನಿಂದ ಟ್ರ್ಯಾಕ್ಟರ್ ಶಿವಕುಮಾರ್.

ಘೊಳ್ ಅಂತ ನಕ್ಕುಬಿಟ್ರು. ಹೆಂಗಸರೂ ನಕ್ಕರು. ಅವರ ಒಂದೊಂದು ಮಾತಿನ ಹುಳುಕೂ ನನಗೆ ಗೊತ್ತು, ಹೆಸರೂ ಗೊತ್ತು, ಹೆಸರು ಹಿಡಿದು ಕರೆದೂ ಆಯ್ತು. ಆದ್ರೂ ಒಬ್ಬರೂ ಕದಲ್ಲಿಲ್ಲ. ಅಳು ಬಂತು, ಹಲ್ಲು ಕಚ್ಚಿ ನುಂಗಿದೆ. ಆಗ ನೋಡ್ತೀನಿ, ಪಕ್ಕದಲ್ಲಿ ನಿಂತಿದ್ದ ಅವ್ವ ಇಲ್ಲ.

"ಎಲ್ಲೋದ್ಳು ಕಲ್ಲಮ್ಮ?" ರಂಗಸ್ವಾಮಿ ಕತ್ತು ಚಾಚಿದ್ರು. "ನೋಡುದ್ರಾ? ಆಣೆ ಅಂದ್ ತಕ್ಷಣ ಕಾಲ್ಕಿತ್ಲು! ಇನ್ನೇನ್ ಸಾಕ್ಷಿ ಬೇಕ್ರಪ್ಪ?"

"ದಾರಿ ಬುಡ್ರಿ!" ಅಂತ ಹಿಂದಿನಿಂದ ಅವ್ವನ ಗಂಟಲು.

ಜನ ಎರಡು ಪಾಲಾಗಿ ಸರಿದ್ರು. ಅವ್ವ ಹಸು ಹಿಡ್ಕೊಂಡು ಬರ್ತಿದ್ಳು. ಅವಳ ಹಿಂದೆ ಅಪ್ಪ, ಕರು ಹಿಡ್ಕೊಂಡು, ತಲೆ ತಗ್ಗಿಸಿಕೊಂಡು. ಅವ್ವನ ಇನ್ನೊಂದು ಕೈಯಲ್ಲಿ ಖಾಲಿ ಕ್ಯಾನು. ಸೀದಾ ಡೇರಿ ಕಟ್ಟೆ ಮುಂದೆ ತಂದು ಹಸು ನಿಲ್ಲಿಸಿದ್ಳು. ನನ್ನ ಕಡೆ ನೋಡ್ಲೂ ಇಲ್ಲ.

"ಪುಟ್ಟತಾಯವ್ವಾರೆ, ಈ ಕ್ಯಾನ್ ಒಳೀಕೆ ಕೈ ಬುಟ್ ನೋಡಿ. ಒಣಗದಾ?"

ಮುದುಕಿ ಎಲೆ ಅಡಿಕೆ ಉಗಿದು, ಕೈಯನ್ನ ಕ್ಯಾನ್ ತಳದವರೆಗೂ ಬಿಟ್ರು. ಸೆರಗಿನ ತುದಿಯಿಂದ ಇನ್ನೊಂದ್ಸಲ ಒರೆಸಿದ್ರು. "ಒಣಗದೆ" ಅಂದ್ರು.

"ನನ್ ಕೈ, ನನ್ ಮಡ್ಲು, ಎಲ್ಲಾ ನೋಡ್ಕಳಿ."

ಅದನ್ನೂ ನೋಡಿದ್ರು. ಅವ್ವ ಕುಕ್ಕರುಗಾಲಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದ್ಳು. ಹಸು ಒದ್ದುಕೊಂಡಿತು. ಇಷ್ಟು ಜನ, ಇಷ್ಟು ಗಲಾಟೆ, ಗೊತ್ತಿಲ್ಲದ ಜಾಗ. ಹಾಲು ಇಳಿಸ್ಲೇ ಇಲ್ಲ. ಕರು ಬಿಟ್ಟು ನೋಡಿದ್ಳು, ಆಗ್ಲೂ ಇಲ್ಲ. "ನಾಟ್ಕ ಕಣ್ಲಾ" ಅಂದ ಯಾರೋ. ಇನ್ಯಾರೋ ಸಿಳ್ಳೆ ಹಾಕ್ದ.

ಅವ್ವ ಎದ್ದು ನಿಂತ್ಳು. ನಮ್ಮವ್ವ ಆ ಜನಗಳ ಮುಂದೆ ಅವತ್ತಿನವರೆಗೂ ದನಿ ಎತ್ತಿದೋಳಲ್ಲ.

"ಎಲ್ಲಾ ಬಾಯ್ ಮುಚ್ಕಂಡು ನಿಂತ್ಕಳ್ರಿ! ನೀವೂ ಅಷ್ಟೇಯ ಗೌಡ್ರೆ. ನೀವು ಮಾತಾಡ್ತಾ ಇದ್ರೆ ನನ್ ಹಸ ಹಾಲು ಇಳ್ಸಾಕಿಲ್ಲ."

ನಂಬ್ತೀರೋ ಬಿಡ್ತೀರೋ, ಊರಿಗೂರೇ ಬಾಯಿ ಮುಚ್ಚಿತು. ಗೌಡ್ರು ಏನೋ ಹೇಳೋಕೆ ಬಾಯಿ ತೆಗೆದ್ರು. "ಸುಮ್ಕಿರ್ಲಾ ರಂಗ" ಅಂದ್ರು ಅವರ ತಾಯಿ. ಬಾಯಿ ಮುಚ್ಚಿದ್ರು. ಅವ್ವ ಹಸುವಿನ ಕತ್ತಿನಡಿ ಜೋಲೋ ಗಂಗೆದೊಗಲು ನೀವುತ್ತಾ ನಿಂತ್ಳು. ಮತ್ತೆ ಕರು ಬಿಟ್ಳು. ಕರು ಎರಡು ಸಲ ಗುದ್ದಿ ಚೀಪಿತು. ಹಸು ಬಾಲ ಇಳಿಬಿಟ್ಟು ನಿಂತ್ಕೊಂಡಿತು. ಅವ್ವ ಕೂತ್ಳು. ಚುರ್ರ್ ಅಂತ ಮೊದಲ ಧಾರೆ ಕ್ಯಾನಿನ ತಳಕ್ಕೆ ಬಿದ್ದ ಶಬ್ದ ಗುಡಿವರೆಗೂ ಕೇಳಿಸ್ತು.

ಕರೆದು ಮುಗಿಸಿ ಕ್ಯಾನನ್ನ ಸಂಜಯ್ ಮುಂದೆ ಇಟ್ಳು. "ಬುಡಪ್ಪ ನಿನ್ ಕಡ್ಡಿಯ" ಅಂದ್ಳು.

ಸಂಜಯ್ ಅಳತೆ ಪಾತ್ರೆಗೆ ಹಾಲು ಹಾಕ್ಕೊಂಡು ಕಡ್ಡಿ ಬಿಟ್ಟ. ನಾನು ಮನಸ್ಸಲ್ಲೇ ಕೈ ಮುಗಿದೆ. ತಾಯೀ, ಇಪ್ಪತ್ತೆಂಟು ಬರ್ಲಿ. ಇಪ್ಪತ್ತೆಂಟು ಬಂದುಬಿಟ್ರೆ ಇವರ ಬಾಯಿಗೆ ಮಣ್ಣು ಬೀಳುತ್ತೆ. ಕಡ್ಡಿ ಮುಳುಗಿತು, ಎದ್ದಿತು, ನಿಂತಿತು. ಸಂಜಯ್ ಬಗ್ಗಿ ನೋಡ್ದ. ಕಣ್ಣುಜ್ಜಿಕೊಂಡು ಮತ್ತೆ ನೋಡ್ದ.

"ಇಪ್ಪತ್ನಾಕು" ಅಂದ, ಸಣ್ಣ ದನಿಯಲ್ಲಿ.

"ಆಂ? ಎಷ್ಟು?" ರಂಗಸ್ವಾಮಿ ಮೆಟ್ಟಿಲಿಳಿದು ಬಂದ್ರು. "ಇಪ್ಪತ್ನಾಕು! ಕೇಳಿಸ್ತೇನ್ರಪ್ಪ? ಇವತ್ತೂ ಇಪ್ಪತ್ನಾಕು! ನಾನ್ ಯೋಳ್ನಿಲ್ವಾ? ನೀರು ಕಣ್ರಪ್ಪ, ನೀರು!"

"ನೀರೇ, ನೀರೇ" ಅಂತು ಜನ. "ಕಡ್ಡಿ ಸುಳ್ಳು ಯೋಳ್ತದಾ?" ಅಂದ ಶಿವಕುಮಾರ್. ಮುಗೀತು, ಅವ್ವನ ಮರ್ಯಾದೆ ಮುಗೀತು ಅಂತ ಕಣ್ಣು ಮುಚ್ಕೊಂಡುಬಿಟ್ಟೆ. ಹೌದು, ನಾನೇ, ಮೂವತ್ತು ಮಕ್ಕಳಿಗೆ ಒದ್ದೆ ಅಂಗಳ ಹೇಳ್ಕೊಡೋಳು! ಎಂಥಾ ಪೆದ್ದಿ ಅಂತೀನಿ.

ಅವ್ವ ಸೆರಗಿಗೆ ಕೈ ಒರೆಸಿಕೊಂಡ್ಳು.

"ನೀರ್ ಎಲ್ಲಿಂದ ಬಂತು ಗೌಡ್ರೆ?"

"ಎಲ್ಲಿಂದ ಅಂದ್ರೆ? ನೀನ್ ಆಕಿದೀಯ, ಅದ್ಕೇ ಡಿಗ್ರಿ..."

"ಯಾವಾಗ್ ಆಕ್ದೆ? ನಿಮ್ ಅವ್ವಾರು ಕ್ಯಾನ್ ಒರ್ಸಿ ಕೊಟ್ರು. ನೀವೆಲ್ಲಾ ಸುತ್ತ ನಿಂತು ನೋಡುದ್ರಿ. ಕೆಚ್ಚಲಿಂದ ಕ್ಯಾನಿಗೆ ಬಿತ್ತು, ಕ್ಯಾನಿಂದ ಕಡ್ಡೀಗೆ ಬಿತ್ತು. ಎಲ್ಲಿ ಆಕ್ದೆ ನೀರ, ತೋರ್ಸಿ."

ರಂಗಸ್ವಾಮಿ ಕ್ಯಾನ್ ನೋಡಿದ್ರು. ಹಸು ನೋಡಿದ್ರು. ಜನರ ಕಡೆ ತಿರುಗಿದ್ರು. ಜನ ಹಸುವಿನ ಕಡೆ ನೋಡ್ತಿದ್ರು. ಕಟ್ಟೆ ಮೇಲಿಂದ ಪುಟ್ಟತಾಯಮ್ಮನೇ ಮೊದಲು ನಕ್ಕಿದ್ದು. ಹಲ್ಲಿಲ್ಲದ ಬಾಯಲ್ಲಿ, ಹೊಟ್ಟೆ ಹಿಡ್ಕೊಂಡು ನಕ್ಕರು. "ಹಸಿನ್ ಹಾಲೇ ತೆಳ್ಳಗದೆ ಕಣ್ಲಾ ರಂಗ! ಕಣ್ಮುಂದೇನೇ ಕರೆದವ್ಳೆ! ಇಪ್ಪತ್ನಾಕ್ ಬಂದ್ರೆ ಅವ್ಳು ಗೆದ್ದಂಗೆ ಕಣ್ಲಾ, ದಡ್ಡ ಮುಂಡೇದೆ!"

ಆಮೇಲೆ ಒಬ್ಬೊಬ್ಬರಿಗೇ ಹೊಳೆಯೋಕೆ ಶುರುವಾಯ್ತು. ಶಿವಕುಮಾರ್ ತಲೆ ಕೆರ್ಕೊಂಡ. "ಅಂಗಾರೆ... ಇಷ್ಟ್ ದಿನಾನೂ ನೀರಿಲ್ವಾ?" ಅಂದ. ನನ್ನ ಕಣ್ಣಲ್ಲಿ ಆಗ ನಿಜವಾಗ್ಲೂ ನೀರು ಬಂತು, ಒರೆಸಿಕೊಳ್ಳೋಕೂ ಹೋಗ್ಲಿಲ್ಲ.

"ಆಯ್ತು ಆಯ್ತು, ಸುರ್ಕೊಳ್ಳಯ್ಯ ಸಂಜಯ" ಅಂದ್ರು ರಂಗಸ್ವಾಮಿ, ಕೈ ಬೀಸಿ. "ಸಣ್ಣ ವಿಷ್ಯ. ಓಗ್ಲಿ ಬುಡು ಕಲ್ಲಮ್ಮ."

"ಯಾಕ್ ಓಗ್ಲಿ?" ಅವ್ವ ಕ್ಯಾನ್ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟು ನಿಂತ್ಳು. "ತೆಳ್ಳಗದೆ ಅಂತ ಕಮ್ಮಿ ರೇಟ್ ಕೊಡಿ. ನಮ್ ಡೇರೀಗೆ ಈ ಹಾಲು ಬ್ಯಾಡ ಅನ್ನಿ, ಎತ್ಕಂಡ್ ಓಯ್ತೀನಿ. ಅದು ಕಾನೂನು. ಹಾಲ್ನ ತೆಳ್ಳಗೆ ಅನ್ನಿ ಗೌಡ್ರೆ, ನನ್ನ ಕಳ್ಳಿ ಅನ್ಬ್ಯಾಡಿ."

ಸೊಂಟದ ಗಂಟು ಬಿಚ್ಚಿ ಒಂದು ಕರ್ಪೂರದ ಪೊಟ್ಟಣ ತೆಗೆದ್ಳು. ಅಂಗೈ ಮೇಲಿಟ್ಟು ಅವರ ಮುಂದೆ ಚಾಚಿದ್ಳು.

"ಆಣೆ ಬೇಕು ಅಂದ್ರಲ್ಲ, ತಂದಿದೀನಿ. ಗುಡಿ ಅಲ್ಲೇ ಅದೆ. ಓಗಿ ನೀವೇ ಆರ್ಸಿ, ಕಲ್ಲಮ್ಮ ನೀರ್ ಆಕಿದ್ನ ನನ್ ಕಣ್ಣಾರೆ ನೋಡಿದೀನಿ ಅಂತ. ಇಲ್ಲಾ, ಆಕಿಲ್ಲ ಅಂತ ಇಲ್ಲೇ ನಿಂತು ಯೋಳಿ. ಎರಡೇ ದಾರಿ."

ಎರಡೇ ದಾರಿ! ಅವರ ಮಾತನ್ನೇ ಎತ್ತಿ ಅವರ ಮುಂದಿಟ್ಟಿದ್ಳು. ತರ್ಕದ ಪ್ರಕಾರ ಅದೂ ತಪ್ಪೇ. ಹೇಳ್ಬೇಕಾದೋಳು ನಾನು, ಸಂಬಳ ತಗೊಳ್ಳೋಳು ನಾನು, ಬಾಯಿಗೆ ಬೀಗ ಹಾಕ್ಕೊಂಡು ನಿಂತೆ.

ರಂಗಸ್ವಾಮಿ ಕರ್ಪೂರ ನೋಡಿದ್ರು, ಮುಟ್ಟಲಿಲ್ಲ. "ಆರ್ಸ್ಲಾ ನೋಡಾನ" ಅಂದ್ರು ತಾಯಿ. ಅವರು ಆ ಕಡೆ ತಿರುಗ್ಲೂ ಇಲ್ಲ. ಗಂಟಲಲ್ಲೇ ಏನೋ ಗೊಣಗಿದ್ರು.

"ಕೇಳಿಸ್ನಿಲ್ಲ" ಅಂದ್ಳು ಅವ್ವ. "ಕಳ್ಳಿ ಅಂದಾಗ ಕೆರೆ ಏರಿವರೆಗೂ ಕೇಳಿಸ್ತು. ಅಷ್ಟೇ ಗಟ್ಟಿಯಾಗಿ ಯೋಳಿ."

ಅವರು ಸುತ್ತ ನೋಡಿದ್ರು. ಯಾರೂ ಕ್ಯಾನ್ ಎತ್ತಿಕೊಂಡು ಹೊರಡೋ ಹಾಗೆ ಕಾಣ್ಲಿಲ್ಲ. ಕೊನೆಗೆ ಎದೆ ಸೆಟೆಸಿ, ಕೆಮ್ಮಿ, ಹೇಳಿದ್ರು.

"ಕಲ್ಲಮ್ಮ ಹಾಲಿಗೆ ನೀರು ಹಾಕಿಲ್ಲ."

ಅಷ್ಟೇ. ತಾಯಿ ಇಲ್ಲ, ಎದೆಹಾಲಿಲ್ಲ, ಆಸ್ಪತ್ರೆ ಮಗು ಇಲ್ಲ. ಇಷ್ಟು ವರ್ಷ ಅಲಂಕಾರ ಪಾಠ ಮಾಡಿದ್ದೀನಿ, ಅಷ್ಟು ಚೆಂದದ ವಾಕ್ಯ ನಾನು ಕೇಳೇ ಇರ್ಲಿಲ್ಲ.

ಅವ್ವ ಕರ್ಪೂರ ಮತ್ತೆ ಸೊಂಟಕ್ಕೆ ಕಟ್ಟಿಕೊಂಡ್ಳು, ಕ್ಯಾನಿನ ಮುಚ್ಚಳ ತೆಗೆದ್ಳು. "ಬರ್ಕೊಳ್ಳಪ್ಪ ಸಂಜಯ. ನೀರಿಲ್ಲದ ಇಪ್ಪತ್ನಾಕು. ನಾಳೆ ಬೆಳಿಗ್ಗೆಯೂ ಇಷ್ಟೇ ಬರದು."

ಆಮೇಲೆ ನನ್ನ ಕಡೆ ತಿರುಗಿದ್ಳು. "ಏನ್ ನಿಂತ್ಕಂಡ್ ನೋಡ್ತೀಯ? ಕರು ಇಡ್ಕ, ಹಸ್ಕೊಂಡದೆ."